ಟೀ ಆರಿಸಿದವರ ಕಾಲೇಜು

ಸಿಇಟಿ ಫಲಿತಾಂಶ ಬಂದದ್ದೇ ತಡ, ಗುಂಡ್ಲುಪೇಟೆಯ ದಿನಸಿ ಅಂಗಡಿ ಗುರುಮಲ್ಲಯ್ಯನವರ ಮನೆಯಲ್ಲಿ ಎಲ್ಲರೂ ಇಂಜಿನಿಯರಿಂಗ್ ಕಾಲೇಜುಗಳ ತಜ್ಞರಾಗಿಬಿಟ್ಟರು. ಗುರುಮಲ್ಲಯ್ಯನವರ ಪ್ರಕಾರ ಹಾಸ್ಟೆಲಿನಲ್ಲಿ ಮುದ್ದೆ ಸಿಗಬೇಕು. ಹೆಂಡತಿ ಶಾಂತಮಲ್ಲಮ್ಮನಿಗೆ ಹತ್ತಿರದಲ್ಲೊಂದು ದೇವಸ್ಥಾನ ಇರಬೇಕು. ಆಕೆಯ ತಮ್ಮ ಸೋಮೇಶ ಚಾಮರಾಜನಗರದಿಂದ ಬಂದು, ಈಜುಕೊಳವಿರುವ ಕಾಲೇಜೊಂದರ ಫೋಟೋ ಹಿಡಿದು ಮನೆ ತುಂಬ ತಿರುಗುತ್ತಿದ್ದ. ಅವನಿಗೂ ಈಜು ಬಾರದು, ಅಕ್ಕನ ಮಗಳು ಮಂಗಳಗೌರಿಗೂ ಬಾರದು.

ಮಂಗಳಗೌರಿಗೆ ಬೇಕಾದದ್ದೇ ಬೇರೆ. ಚಾಮರಾಜನಗರಕ್ಕೆ ದಿನವೂ ಓಡಾಡಿ ಪಿಯುಸಿ ಮುಗಿಸಿದವಳು ಅವಳು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಎಷ್ಟು ಡಿಗ್ರಿ ವಾಲಿತೆಂದು ಲೆಕ್ಕ ಹಾಕಿ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಹಾಗೆ ಎದ್ದುಹೋಗದ ಜನ ಇರುವ ಕಾಲೇಜು ಎಲ್ಲಾದರೂ ಇದ್ದೀತೇ? ಇದ್ದರೂ ಯಾರನ್ನು ಕೇಳುವುದು?

ಒಂದು ಭಾನುವಾರ ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ಬಸ್ಸೊಂದು ಬುಸ್ಸೆಂದು ಹಬೆಯಾಡಿ ಗುರುಮಲ್ಲಯ್ಯನವರ ಅಂಗಡಿಯ ಮುಂದೆಯೇ ನಿಂತಿತು. ಇಂಜಿನ್ ಆರುವ ತನಕ ಕಾಯಬೇಕು ಎಂದ ಡ್ರೈವರು. ಇಳಿದ ಹುಡುಗ ಹುಡುಗಿಯರು ಪಕ್ಕದ ಕಾಕಾ ಹೋಟೆಲಿನಿಂದ ಕರಿ ಟೀ, ಹಾಲು ಬೇರೆ ಬೇರೆ ತರಿಸಿ ಅಂಗಡಿಯ ಜಗಲಿಯ ಮೇಲೆ ಸಾಲಾಗಿ ಇಟ್ಟರು. ಯಾರೂ ಕುಡಿಯಲಿಲ್ಲ.

"ಏನಮ್ಮಿ ಗೌರಿ, ಬಾ ಇಲ್ಲಿ! ಟೀ ತಗಂಡು ಪೂಜೆಗಿಟ್ಟಂಗೆ ಇಟ್ಕಂಡು ಕೂತವ್ರಲ್ಲ, ಇವ್ರಿಗೇನಾಗದೆ?" ಎಂದರು ಗುರುಮಲ್ಲಯ್ಯ.

ಹಾಲು ಮೊದಲೇ ಬೆರೆಸಿದ ಟೀ ಬೇಗ ಆರುತ್ತದೋ, ಆಮೇಲೆ ಬೆರೆಸಿದ್ದೋ ಎಂಬ ಜಗಳ ನಡೆದಿತ್ತು. ಒಬ್ಬ ಥರ್ಮಾಮೀಟರ್ ಅದ್ದುತ್ತಿದ್ದ. ಜೊತೆಗೆ ಬಂದಿದ್ದ ಮೇಷ್ಟರು ಈಗ ಬೈಯುತ್ತಾರೆ ಎಂದುಕೊಂಡಳು ಮಂಗಳಗೌರಿ. ಮೇಷ್ಟರು ಜಗಲಿಯ ಮೇಲೆ ಬೋರಲು ಮಲಗಿ, "ಯಾರೂ ಉಸಿರು ಬಿಡಬೇಡಿ, ಟೀಗೆ ಗಾಳಿ ತಾಗುತ್ತೆ!" ಎಂದು ಕಿರುಚಿದರು.

ಅವಳ ಬಾಯಿ ಸುಮ್ಮನಿರಲಿಲ್ಲ. "ಸಾರ್, ಒಂದು ಗ್ಲಾಸು ದಪ್ಪ, ಇನ್ನೊಂದು ತೆಳು. ಇದು ಲೆಕ್ಕಕ್ಕೆ ಬರಲ್ಲ."

ಎಲ್ಲರೂ ತಿರುಗಿ ನೋಡಿದರು. ಬಸ್ಸಿನಲ್ಲಿ ಎದ್ದುಹೋದವರೆಲ್ಲ ನೆನಪಾಗಿ ಅವಳ ಮುಖ ಕೆಂಪಾಯಿತು.

"ಅಯ್ಯೋ, ಹೌದಲ್ವಾ!" ಎಂದು ಒಬ್ಬ ಹುಡುಗಿ ಕುಣಿದಳು. "ಎಲ್ಲಾ ಚೆಲ್ಲಿ, ಮೊದಲಿಂದ ಶುರು!"

ಮಂಗಳಗೌರಿ ಒಳಗೆ ಓಡಿ ಮನೆಯ ಸ್ಟೀಲ್ ಲೋಟಗಳನ್ನೆಲ್ಲ ಹೊತ್ತು ತಂದಳು. ಇಂಜಿನ್ ಆರಿತು, ಡ್ರೈವರು ಹಾರನ್ ಹೊಡೆದ, ಕೈ ಮುಗಿದ, ಕೊನೆಗೆ ಸೀಟಿನಲ್ಲೇ ನಿದ್ದೆ ಹೋದ. ಬೆಟ್ಟ ಯಾರಿಗೂ ನೆನಪಾಗಲಿಲ್ಲ. ಸಂಜೆ ಬಸ್ಸು ಮೈಸೂರಿಗೇ ಹಿಂತಿರುಗುವ ಹೊತ್ತಿಗೆ ವಾದ ಇನ್ನೂ ಮುಗಿದಿರಲಿಲ್ಲ. ಮಂಗಳಗೌರಿ ಕಾಲೇಜಿನ ಹೆಸರನ್ನು ಮಾತ್ರ ಕೇಳಿಕೊಂಡಿದ್ದಳು.

ಕೌನ್ಸೆಲಿಂಗ್ ದಿನ ಸೋಮೇಶ ಮಾವ ಕಿವಿಯಲ್ಲಿ "ಈಜುಕೊಳ, ಈಜುಕೊಳ" ಎನ್ನುತ್ತಲೇ ಇದ್ದ. ಅವಳು ಆ ಹೆಸರನ್ನೇ ಹೇಳಿ ಸೀಟು ತೆಗೆದುಕೊಂಡಳು.

ಟ್ರಂಕು ಹೊತ್ತು ಅಪ್ಪ, ಮಗಳು ಕಾಲೇಜಿನ ಗೇಟು ದಾಟುತ್ತಿದ್ದಂತೆ ನಾಲ್ಕು ಜನ ಸೀನಿಯರುಗಳು ಅಡ್ಡ ಬಂದರು. ರ್‍ಯಾಗಿಂಗ್ ಇರಬೇಕೆಂದು ಗುರುಮಲ್ಲಯ್ಯ ಪಂಚೆ ಎತ್ತಿ ಕಟ್ಟಿದರು.

"ಅಂಕಲ್, ನಿಮ್ಮ ತೂಕ ಎಷ್ಟು?" ಎಂದ ಒಬ್ಬ, ಬಹಳ ಗೌರವದಿಂದ.

"ತೊಂಬತ್ತು ಕೇಜಿ. ಯಾಕಪ್ಪಾ?"

ನಾಲ್ವರ ಕಣ್ಣುಗಳೂ ಅರಳಿದವು. ಹಳೇ ಪೇಪರು ಸುತ್ತಿ ಗೋಂದು ಮೆತ್ತಿ, ಚರಂಡಿಯ ಮೇಲೆ ಅವರೊಂದು ಸೇತುವೆ ಕಟ್ಟಿದ್ದರು. ಅದು ಎಷ್ಟು ಭಾರ ತಡೆಯುತ್ತದೆಂದು ನೋಡಲು ಇಡೀ ಕಾಲೇಜಿನಲ್ಲಿ ದಪ್ಪಗಿದ್ದವರು ಒಬ್ಬರೂ ಇರಲಿಲ್ಲ. ಗುರುಮಲ್ಲಯ್ಯ ಮಗಳ ಮುಖ ನೋಡಿದರು. ಅವಳಾಗಲೇ ಟ್ರಂಕು ಇಳಿಸಿ, ಬಗ್ಗಿ ಸೇತುವೆಯ ಅಡಿಭಾಗ ಪರೀಕ್ಷಿಸುತ್ತಿದ್ದಳು.

"ಮಧ್ಯಕ್ಕೆ ಓಗ್ಬೇಡಿ ಅಪ್ಪಾಜಿ, ನಿಧಾನ!"

ಮಧ್ಯದ ತನಕ ಹೋದರು. ಸೇತುವೆ ಪಟಾರೆಂದಿತು. ಅವರ ತೂಕಕ್ಕೆ ಅದು ಎಷ್ಟು ಬಾಗಿತೆಂದು ಒಬ್ಬ ಆಗಲೇ ಗ್ರಾಫು ಬರೆದುಕೊಂಡ. ಮೊಣಕಾಲುದ್ದದ ಕೆಸರಿನಲ್ಲಿ ನಿಂತ ಗುರುಮಲ್ಲಯ್ಯನವರ ಸುತ್ತ ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವಳು ಅವರ ಮಗಳೇ.

ಊರಿಗೆ ಬಂದವರೇ ಗುರುಮಲ್ಲಯ್ಯ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದರು: "ಅದು ಭಾರಿ ಕಾಲೇಜು ಕಣ್ಲಾ! ಕಾಲಿಟ್ಟ ದಿನಾನೇ ನನ್ ಮ್ಯಾಲೆ ಗ್ರಾಫು ಬರ್ದ್‌ಬುಟ್ರು!"

ಹಾಸ್ಟೆಲಿನಲ್ಲಿ ಮುದ್ದೆ ಸಿಗುತ್ತದೋ ಇಲ್ಲವೋ ಎಂದು ವಿಚಾರಿಸುವುದನ್ನು ಅವರು ಪೂರ್ತಿ ಮರೆತೇ ಬಂದಿದ್ದರು.