ಎಂಟನೆಯ ಸುತ್ತು

ಹದಿನಾರು ವರ್ಷ ಸಿಯೆನ್‌ಫುಯೆಗೋಸ್ ಊರಿನ ಬೇಸ್‌ಬಾಲ್ ತಂಡದ ಎರಡನೆಯ ಕ್ಯಾಚರ್ ಆಗಿದ್ದವನು ಎದಿಬೆರ್ತೊ. ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನೇ ಕ್ಯಾಚರ್; ಆದರೆ ಎರಡನೆಯವನಿಗೆ ಆ ಜಾಗ ಎಲ್ಲಿ? ಮೈದಾನದ ಎಡಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಚೆಂಡೆಸೆಯುವ ಪಿಚರುಗಳಿಗೆ ಆಟಕ್ಕಿಳಿಯುವ ಮುನ್ನ ಅಭ್ಯಾಸ ಮಾಡಿಸುವುದು, ಆಮೇಲೆ ಬೆಂಚು ಕಾಯುವುದು, ಇಷ್ಟೇ ಕೆಲಸ. ಮೊದಲನೆಯ ಕ್ಯಾಚರ್ ಇದ್ದಾನಲ್ಲ, ಆ ಪುಣ್ಯಾತ್ಮನಿಗೆ ಒಂದು ನೆಗಡಿಯೂ ಬರಲಿಲ್ಲ! ಪರವೂರಿನ ಸೋತ ಆಟಗಳಲ್ಲಿ ಅಷ್ಟಿಷ್ಟು ಆಡಿದ್ದುಂಟು. ಸ್ವಂತ ಊರಿನ ಮೈದಾನದಲ್ಲಿ, ಹೆಂಡತಿಯ ಕಣ್ಣೆದುರು, ಒಂದು ಸುತ್ತೂ ಇಲ್ಲ.

ಇವತ್ತು ಅವನ ಕೊನೆಯ ಆಟ. ಮ್ಯಾನೇಜರ್ ಬಾರ್ರೊಸೊ ಬೆಳಿಗ್ಗೆಯೇ ಮಾತು ಕೊಟ್ಟಿದ್ದ: "ನಾವು ಮುಂದಿದ್ರೆ ಎಂಟನೇ ಸುತ್ತು ನಿಂದೇ ಕಣಯ್ಯಾ." ಅದಕ್ಕೇ ಹೆಂಡತಿ ಯಾನೆಲಿಸ್, ಎಂದಿನ ಎಡಮೂಲೆಯ ಬಿಸಿಲುಬೆಂಚು ಬಿಟ್ಟು, ಮೊದಲ ಸಲ ಕ್ಯಾಚರನ ಹಿಂದಿನ ಸಾಲಿಗೆ ಬಂದು ಕೂತಿದ್ದಳು.

ಆದರೆ ಹುಡುಗರು ಬಾರಿಸಿದ್ದೇ ಬಾರಿಸಿದ್ದು. ಏಳನೆಯ ಸುತ್ತಿನಲ್ಲಿ ಹನ್ನೆರಡು–ಮೂರು. ಅಂತರ ಹತ್ತಾದರೆ ಆಟ ಅಲ್ಲಿಗೇ ಖತಂ, ಎಂಟನೆಯ ಸುತ್ತೇ ಇಲ್ಲ. ಊರೆಲ್ಲ ಇನ್ನೊಂದು ರನ್ನಿಗೆ ಕಿರುಚುತ್ತಿದ್ದರೆ ಎದಿಬೆರ್ತೊ ಒಬ್ಬನೇ, ಕಾಲಿಗೆ ಕವಚ ಕಟ್ಟಿಕೊಳ್ಳುತ್ತ, 'ಸಾಕು ಮಾರಾಯರಾ, ಔಟಾಗಿ' ಎಂದು ಬೇಡಿಕೊಳ್ಳುತ್ತಿದ್ದ. ಇಬ್ಬರು ಔಟಾದರು; ಇನ್ನೊಬ್ಬ ಔಟಾದರೆ ಸುತ್ತು ಮುಗಿದ ಹಾಗೆ. ಮೂರನೆಯ ಬೇಸಿನಲ್ಲಿ ಒಬ್ಬ ಓಡಿಬಂದು ಆ ಒಂದು ರನ್ನು ತರಲು ಕಾದಿದ್ದ. ಬ್ಯಾಟು ಹಿಡಿಯುವ ಸರದಿ ಮೊದಲನೆಯ ಕ್ಯಾಚರನದು.

"ಅವನ ಬದಲು ನೀನೇ ಹೋಗು," ಎಂದ ಬಾರ್ರೊಸೊ. "ಆಮೇಲೆ ಹಾಗೇ ಕ್ಯಾಚಿಂಗಿಗೆ ಕೂತ್ಕೋ."

ಒಳ್ಳೇ ಪೇಚಿಗೆ ಸಿಕ್ಕಿಸಿದ! ಹೊಡೆದರೆ ಆಟ ಮುಗಿಯಿತು; ಮೂರು ಚೆಂಡು ಸುಮ್ಮನೆ ಬಿಟ್ಟು ಔಟಾದರೆ ಎಂಟನೆಯ ಸುತ್ತು ತನ್ನದು. ಕವಚ ಬಿಚ್ಚಿಟ್ಟು ಹೋದ. ಮೊದಲನೆಯದನ್ನು ಬಿಟ್ಟ. ಎರಡನೆಯದನ್ನೂ ಬಿಟ್ಟ.

"ನಿದ್ದೆ ಬಂತೇನೋ ಮುದುಕಾ!" ಎಂದು ಗ್ಯಾಲರಿ ರೇಗಿಸಿತು. ಯಾನೆಲಿಸಳ ಗಂಟಲು ಎಲ್ಲರಿಗಿಂತ ಮೇಲೆ: "ಹೊಡಿಯೋ, ಎದೀ, ಹೊಡಿ!"

ಮೂರನೆಯದು ಸೊಂಟದೆತ್ತರಕ್ಕೆ, ಹೇಳಿ ಮಾಡಿಸಿದ ಹಾಗೆ ಬಂತು. ಬಿಡಬೇಕೆಂದೇ ಇದ್ದ. ಕೈ ಕೇಳಲಿಲ್ಲ. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿತು, ಮೂರನೆಯ ಬೇಸಿನವನು ನಡೆದುಕೊಂಡೇ ಬಂದ, ಆಟ ಮುಗಿಯಿತು. ಹುಡುಗರು ಎದಿಬೆರ್ತೊನನ್ನು ಎತ್ತಿ ಕುಣಿಸಿದರು. ಅವನಿಗೆ ಅಳು ಬಂತು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

ಜನ ಕರಗಿದ ಮೇಲೆ ಯಾನೆಲಿಸ್ ಕೂತಿದ್ದ ಕಡೆಯ ಬೇಲಿಯ ಬಳಿ ಹೋದ.

"ನೀನು ಇಷ್ಟು ಹತ್ರ ಬಂದು ಕೂತಿದ್ದೆ. ಒಂದು ಸುತ್ತೂ ತೋರಿಸೋಕಾಗ್ಲಿಲ್ಲ ಕಣೇ."

"ಅಯ್ಯೋ ಬಿಡು," ಎಂದಳು ಯಾನೆಲಿಸ್. "ಇಲ್ಲಿಂದ ಕ್ಯಾಚರ್ ಬೆನ್ನೊಂದೇ ಕಾಣೋದು. ಹದಿನಾರು ವರ್ಷ ಆ ಮೂಲೇಲಿ ನಿನ್ನ ಮುಖ ನೋಡ್ಕೊಂಡು ಕೂತಿದ್ದೆ. ನಂಗೇನು ಕಮ್ಮಿ ಆಗಿತ್ತು, ಹೇಳು?"