ಮೊಣಕಾಲೆತ್ತರದ ಕಿತ್ತಳೆ ಗಿಡಗಳು

ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಮೂರು ದಿನ ರಜೆ ಹಾಕಿದ್ದ ಕಸಿಯಕ್ಕ ನಾಲ್ಕನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಬಂದು ಸಸಿ ಬೆಳೆಸುವ ನೆರಳುಮನೆಯ ಬಾಗಿಲು ತೆಗೆದಳು. ಕೊನೆಯ ಸಾಲು ಖಾಲಿ. ನಲವತ್ತೊಂದು ಕುಂಡಗಳಿದ್ದ ಕಡೆ ನೆಲದ ಮೇಲೆ ದುಂಡನೆಯ ಬಿಳಿ ಗುರುತುಗಳು ಮಾತ್ರ ಉಳಿದಿದ್ದವು.

ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಕಸಿ ಕಟ್ಟಿದ್ದರಿಂದ ಅವಳಿಗೆ ಆ ಹೆಸರು. ನಾಲ್ಕು ವರ್ಷದ ಹಿಂದೆ ಮುನ್ನೂರು ಕಿತ್ತಳೆ ಸಸಿಗಳ ಕುಡಿಯ ಮೇಲೆ ಹತ್ತಿಯಿಟ್ಟು, ಹನಿಹನಿಯಾಗಿ ಕಾಲ್ಚಿಸಿನ್ ಔಷಧ ಕುಡಿಸಿದವಳು ಅವಳೇ. ಆ ಔಷಧ ತಾಗಿದರೆ ಜೀವಕೋಶ ಎರಡಾಗುವುದು ನಿಲ್ಲುತ್ತದೆ; ಒಳಗಿನ ವರ್ಣತಂತುಗಳು ಮಾತ್ರ ದುಪ್ಪಟ್ಟಾಗಿ ಅಲ್ಲೇ ಉಳಿಯುತ್ತವೆ. ಅರ್ಧಕ್ಕರ್ಧ ಸಸಿಗಳು ಸತ್ತವು. ಹಲವು ಔಷಧವನ್ನು ಜೀರ್ಣಿಸಿಕೊಂಡು ಏನೂ ಆಗದಂತೆ ಬೆಳೆದವು. ದುಪ್ಪಟ್ಟಾದವು ಈ ನಲವತ್ತೊಂದೇ. ಎಲೆ ಚರ್ಮದಂತೆ ದಪ್ಪ, ಅಗಲ, ಕಡುಹಸಿರು, ಗೆಣ್ಣುಗಳು ಒತ್ತೊತ್ತು. ಓರಗೆಯ ಗಿಡಗಳು ಅವಳ ಭುಜ ಮುಟ್ಟಿದ್ದರೆ ಇವು ಇನ್ನೂ ಮೊಣಕಾಲಿನಲ್ಲೇ ಇದ್ದವು. ಇವು ಹೂ ಬಿಟ್ಟಾಗ ಸಾಧಾರಣ ಮರದೊಂದಿಗೆ ಕೂಡಿಸಿ ಬೀಜವಿಲ್ಲದ ಹಣ್ಣಿನ ತಳಿ ಪಡೆಯಬೇಕೆಂದು ಅವಳು ಕಾದಿದ್ದಳು.

ಅಲ್ಲೇ ಕುಂಡ ತೊಳೆಯುತ್ತಿದ್ದ ಮಾಲಿ ಅವಳ ಒಡಹುಟ್ಟಿದ ತಮ್ಮ.

“ಎಲ್ಲೋ ನನ್ನ ಗಿಡಗಳು?”

“ಹೊಸ ನಿರ್ದೇಶಕರು ಕೀಳ್ಸಿದ್ರು ಅಕ್ಕಾ. ಗುರುವಾರ ಯಾರೋ ದೊಡ್ಡೋರು ನೋಡೋಕೆ ಬರ್ತಾರಂತೆ. ಈ ಕುಳ್ಳುಗಳು ರೋಗ ಬಂದ ಹಾಗೆ ಕಾಣ್ತವೆ, ತೆಗೆದ್ಹಾಕು ಅಂದ್ರು.”

“ನೀನೂ ಕಿತ್ಬಿಟ್ಟೆ. ನಂಗೊಂದು ಫೋನ್ ಮಾಡೋಕೆ ಬಾಯಿ ಬಿದ್ದುಹೋಗಿತ್ತಾ?”

ಅವನು ಹಿತ್ತಲ ತಿಪ್ಪೆಯತ್ತ ಕೈ ತೋರಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಹಿತ್ತಲ ತಿಪ್ಪೆಯಿಂದ ಒಂದು ಎಲೆ, ಉಳಿದ ಉದ್ದ ಗಿಡಗಳಿಂದ ಒಂದು ಎಲೆ ಕಿತ್ತು ಎಲೆಯಡಿಯ ತೆಳು ಸಿಪ್ಪೆ ಸುಲಿದು ಗಾಜಿಗೆ ಅಂಟಿಸಿದಳು. ಸೂಕ್ಷ್ಮದರ್ಶಕವನ್ನು ಎತ್ತಿಕೊಂಡು ಹೋಗಿ ನಿರ್ದೇಶಕರ ಮೇಜಿನ ಮೇಲೆ, ಅವರ ಕಡತಗಳ ಮೇಲೆಯೇ ಕುಕ್ಕಿದಳು.

“ನೋಡಿ ಸಾರ್. ಎಲೆ ಉಸಿರಾಡೋ ರಂಧ್ರಗಳು. ನೀವು ಉಳಿಸ್ಕೊಂಡ ಗಿಡದ್ದು ಸಣ್ಣ. ತಿಪ್ಪೆಗೆ ಹಾಕಿದ್ದರದ್ದು ಎಷ್ಟು ದೊಡ್ಡದಿದೆ ನೋಡಿ. ದುಪ್ಪಟ್ಟಾಗಿರೋ ಗುರುತು ಅದೇ.”

ಅವರು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದರು. “ಆದ್ರೆ ಚೆನ್ನಾಗಿ ಬೆಳೆದಿದ್ದನ್ನೇ ಅಲ್ವೇನಮ್ಮ ಉಳಿಸೋದು?”

“ದುಪ್ಪಟ್ಟಾದ ಗಿಡ ನಿಧಾನವಾಗೇ ಬೆಳೆಯೋದು ಸಾರ್! ಔಷಧ ಹತ್ತದೇ ಇರೋದನ್ನ ಆರಿಸಿ ಇಟ್ಕೊಂಡು, ಹತ್ತಿದ್ದನ್ನೆಲ್ಲ ಎಸೆದಿದೀರ.”

“ಸರಿ, ಆಗಿದ್ದಾಯ್ತು. ಇನ್ನೊಂದ್ಸಲ ಔಷಧ ಹಾಕು. ಇಷ್ಟಕ್ಕೆ ಕೂಗಾಡ್ಬೇಕಾ?”

“ನಾಲ್ಕು ವರ್ಷ ಸಾರ್. ಅದನ್ನೂ ಬಾಟಲಿಯಲ್ಲಿ ತರಿಸಿ ಕೊಡ್ತೀರಾ?”

ಉತ್ತರಕ್ಕೆ ಕಾಯದೆ ಅವಳು ತಿಪ್ಪೆಗೆ ನಡೆದಳು. ಉಗುರಿನಿಂದ ಒಂದೊಂದು ರೆಂಬೆಯನ್ನೂ ಕೆರೆದು ನೋಡಿದಳು. ಹಲವು ಒಣಗಿದ್ದವು, ಕೆಲವು ಒಳಗೆ ಇನ್ನೂ ಹಸಿರಾಗಿದ್ದವು. ಹಸಿರಿದ್ದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ನಿರ್ದೇಶಕರು ಮೆಚ್ಚಿದ್ದ ಆ ಉದ್ದ ಗಿಡಗಳ ಕಾಂಡವನ್ನೇ ಸೀಳಿ, ರೆಂಬೆಯ ಚಿಗುರೊಡೆಯುವ ಕಣ್ಣನ್ನು ಒಳಗೆ ಕೂರಿಸಿ ಕಣ್ಣು ಕಸಿ ಮಾಡತೊಡಗಿದಳು. ತಮ್ಮ ಕೇಳದೆಯೇ ಬಂದು ಪಕ್ಕದಲ್ಲಿ ಕೂತು ಪಟ್ಟಿ ಕಟ್ಟಿದ.

“ಅಕ್ಕಾ, ಊಟ…”

“ಬಿಗಿಯಾಗಿ ಸುತ್ತು.”

ದಿನವೆಲ್ಲ ಅಷ್ಟೇ ಮಾತು. ಗುರುವಾರ ಬಂದ ದೊಡ್ಡವರು ಬ್ಯಾಂಡೇಜು ಸುತ್ತಿಕೊಂಡು ನಿಂತ ಗಿಡಗಳನ್ನು ನೋಡಿ, ಇದೇನು ಆಸ್ಪತ್ರೆಯೋ ಎಂದು ನಕ್ಕು ಹೋದರು.

ಮೂರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ನಲವತ್ತೊಂದರಲ್ಲಿ ಹನ್ನೊಂದು ಗಿಡಗಳ ಕಣ್ಣು ಹಸಿರಾಗಿ ಕೂಡಿಕೊಂಡಿತ್ತು. ವರದಿಯಲ್ಲಿ ಅವಳು ‘ನಿರ್ದೇಶಕರ ಆದೇಶದಂತೆ ನಲವತ್ತೊಂದು ಗಿಡಗಳನ್ನು ಕೀಳಲಾಯಿತು’ ಎಂದು ಬರೆದಳು. ಆ ಸಾಲಿಗೆ ಕೆಂಪು ಗೀಟು ಬಿದ್ದು ವರದಿ ನಿರ್ದೇಶಕರ ಮೇಜಿನಿಂದ ವಾಪಸು ಬಂತು. ಮತ್ತೆ ಬರೆದಳು. ನಿರ್ದೇಶಕರು ಕರೆಸಿದರು.

“ಯಾಕಮ್ಮ ಈ ಹಟ? ಗಿಡ ಉಳೀತಲ್ಲ.”

“ಮೂವತ್ತು ಸತ್ತಿವೆ ಸಾರ್. ಅವು ತಾವಾಗಿ ಸಾಯ್ಲಿಲ್ಲ.”

ಮೂರನೆಯ ಪ್ರತಿಯನ್ನು ನೇರವಾಗಿ ಮೇಲಿನ ಕಚೇರಿಗೆ ಕಳಿಸಲು ಲಕೋಟೆ ಅಂಟಿಸುತ್ತಿದ್ದಾಗ ತಮ್ಮ ಬಂದು ನಿಂತ.

“ನಂದೂ ಒಂದು ಸಹಿ ಇರ್ಲಿ ಅಕ್ಕಾ. ಕಿತ್ತೋನು ನಾನೇ ತಾನೆ. ಹೇಳಿದ್ದು ಯಾರು ಅಂತ ಬರೀತೀನಿ.”

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನ ಮುಖ ನೋಡದೆ ಪೆನ್ನನ್ನು ಅವನತ್ತ ತಳ್ಳಿದಳು.