ಕಾಂತಪ್ಪನ ದನಿಗೊಂದು ಪೆಟ್ಟಿಗೆ

ಕಾಂತಪ್ಪನ ಗಂಟಲಿನ ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಜೀವ ಉಳಿಯಿತು, ಹಾಡು ಉಳಿಯಲಿಲ್ಲ. ಈಗ ಇಂದಾಪುರದಲ್ಲಿರುವ ಅವನ ಮಾತು ಕೇಳಬೇಕೆಂದರೆ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಪುಣೆಯ ಯೆರವಡಾದ ಕನ್ನಡ ಮಂದಿಯ ಸೋಮವಾರದ ಭಜನೆಗೆ ಮೂವತ್ತು ವರ್ಷಗಳ ಕಾಲ ಎಲ್ಲರಿಗಿಂತ ಮುಂದೆ ಹಾಡುವ ದನಿ ಅವನದೇ ಆಗಿತ್ತು. ಆ ದನಿ ಈಗ ಇದ್ದದ್ದು ಅವನ ಗೆಳೆಯ ಕಾಡಪ್ಪನ ಮಂಚದ ಕೆಳಗೆ, ಟ್ರಂಕಿನೊಳಗಿನ ನೂರಾ ನಲವತ್ತು ಕ್ಯಾಸೆಟ್ಟುಗಳಲ್ಲಿ ಮಾತ್ರ.

ಕಾಡಪ್ಪ ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವನು, ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನಲವತ್ತು ವರ್ಷ ಬಟ್ಟೆ ಅಳೆದವನು. ಕ್ಯಾಸೆಟ್ಟಿನ ಮೇಲೆ ಹೆಸರು ಬರೆಯುವ ಗೋಜಿಗೆ ಹೋಗಿರಲಿಲ್ಲ. ಆ ವಾರ ಅಂಗಡಿಗೆ ಬಂದ ಹೊಸ ಥಾನಿನ ಒಂದು ಚೂರನ್ನು ಅಂಟಿಸಿಬಿಡುತ್ತಿದ್ದ. ಚೂರು ನೋಡಿದರೆ ಸಾಕು, ಅಂದು ಯಾರು ಬಂದಿದ್ದರು, ಯಾರು ಯಾವ ಪದಕ್ಕೆ ತಾಳ ತಪ್ಪಿದರು, ಎಲ್ಲ ಹೇಳುತ್ತಿದ್ದ.

ಕ್ಯಾಸೆಟ್ಟಿಗೆ ಬೂಸಲು ಹಿಡಿಯತೊಡಗಿದಾಗ, ೨೦೦೮ರಲ್ಲಿ, ಸೊಸೆ ಸಪ್ನಾ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಕೂತಳು. ಹೆಸರು ಕೇಳಿದರೆ ಮಾವ "ಕೆಂಪ ಚೌಕಡಿ", "ಹಸರ ಗೀಟು" ಅನ್ನುವನು. ಅವಳು ಹಾಗೇ ಬರೆದಳು. ಎಷ್ಟೋ ಕ್ಯಾಸೆಟ್ಟು ಒಮ್ಮೆ ಓಡಿ, ಅಲ್ಲೇ ಹರಿದುಹೋದವು. ಅಷ್ಟರಲ್ಲಿ ಕಂಪ್ಯೂಟರೂ ತುಂಬಿತು.

"ಮಾವಾರ, ಹಾಡು ಒತ್ತಿ ಸಣ್ಣ ಮಾಡಿದ್ರ ಜಾಗಾ ಉಳೀತದ," ಎಂದು ಒಂದನ್ನು ಸಣ್ಣದು ಮಾಡಿ ಕೇಳಿಸಿದಳು.

ಕಾಡಪ್ಪ ಕಣ್ಣು ಮುಚ್ಚಿ ಕೇಳಿದ. "ಕಾಂತ್ಯಾ ಅದಾನ. ತಾಳದ ದನಿ ಇಲ್ಲ ತಂಗಿ. ಒಣಗಿದ ಎಲಿ ಅಳ್ಳ್ಯಾಡಿಸಿದಂಗ ಕೇಳ್ತದ."

ಸಪ್ನಾ ಮತ್ತೆ ಕೇಳಿದಳು. ಮಾವನ ಮಾತು ಖರೆ ಇತ್ತು. ದೊಡ್ಡ ಜಾಗವೇ ಬೇಕಾಯಿತು.

ಶನಿವಾರ ಇಬ್ಬರೂ ಸುಖೇಶನ ಕಂಪ್ಯೂಟರ್ ಅಂಗಡಿಗೆ ಹೋದರು. ಅವನು ಉಡುಪಿ ಕಡೆಯವನು, ಅಪ್ಪನ ಹೋಟೆಲಿನ ಪಕ್ಕದಲ್ಲೇ ಅಂಗಡಿ. ಇವರ ಮಾತು ಕಿವಿಗೆ ಬಿದ್ದದ್ದೇ ಮರಾಠಿ ಬಿಟ್ಟ.

"ಹಾಡಿನ ಪೆಟ್ಟಿಗೆಯನ್ನು ಮನೆಯ ನೆಟ್‌ವರ್ಕಿಗೆ ಜೋಡಿಸಿಟ್ಟರೆ ಯಾವ ಕೋಣೆಯಲ್ಲಿ ಬೇಕಾದರೂ ಹಾಡು ಕೇಳಬಹುದು. ಮೂರು ನಮೂನೆ ಉಂಟು, ಅಜ್ಜ. ಹಳೆ ಕಂಪ್ಯೂಟರನ್ನೇ ಹಾಗೆ ಮಾಡಿಕೊಡ್ತೇನೆ, ಅಗ್ಗ."

"ಅದು ಗುಂಯ್ ಅಂತದೇನಪಾ?"

"ಸ್ವಲ್ಪ ಅಂತದೆ. ಕರೆಂಟೂ ತಿಂತದೆ."

"ಹಂಗಾರ ಒಲ್ಲೆ. ಹಾಡಿನ ಜೋಡಿ ಅದೂ ಹಾಡಿದ್ರ ಹೆಂಗ?"

ಎರಡನೆಯದು ಒಂದೇ ಡಿಸ್ಕಿನ ಸಣ್ಣ ಪೆಟ್ಟಿಗೆ, ಎಂಟು ಸಾವಿರ. ಮೂರನೆಯದರಲ್ಲಿ ಎರಡು ಡಿಸ್ಕು, ಬರೆದದ್ದೆಲ್ಲ ಎರಡೆರಡು ಸಲ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಅದಕ್ಕೆ ಹದಿನೇಳು. ಸಪ್ನಾ ಅದರ ಮೇಲೆ ಕೈಯಿಟ್ಟು ತೆಗೆಯಲಿಲ್ಲ. ಕಾಂತಪ್ಪ ಕಾಕಾನ ದನಿಯ ವಿಷಯದಲ್ಲಿ "ಕೆಟ್ಟರೆ" ಎಂಬ ಮಾತೇ ಅವಳಿಗೆ ಬೇಡವಾಗಿತ್ತು.

ಕಾಡಪ್ಪ ಪೆಟ್ಟಿಗೆಯನ್ನು ತಿರುವಿ ನೋಡಿದ. ಅವನ ಕಣ್ಣ ಮುಂದೆ ಬೇರೆಯೇ ಒಂದು ದಿನ ಬಂದಿತ್ತು. ಅಂಗಡಿಯ ಮಾಲೀಕ ಶೇಟಜಿ ಬಟ್ಟೆಯ ನಮೂನೆಗಳ ಪುಸ್ತಕ ಎರಡು ಮಾಡಿಸಿದ್ದ. ಒಂದು ಗಲ್ಲೆಯ ಹತ್ತಿರ, ಇನ್ನೊಂದು ಮಾಳಿಗೆಯ ಕಪಾಟಿನಲ್ಲಿ. ಬೆಂಕಿ ಬಿದ್ದ ರಾತ್ರಿ ಎರಡೂ ಸುಟ್ಟವು.

"ಎರಡೂ ಒಂದ ಮನ್ಯಾಗ ಇದ್ರ ಅವು ಎರಡ ಹೆಂಗ ಆದ್ವೋ?" ಅಂದ. "ಒಂದರ ಪೆಟಗಿ ಕೊಡು. ಮತ್ತ ಒಂದು ಬರೇ ಡಿಸ್ಕ ಕೊಡು. ಅದನ್ನ ಇಂದಾಪುರಕ್ಕ ಕಾಂತ್ಯಾನ ಮನಿಗೆ ಕಳಸ್ತೀನಿ."

ಸುಖೇಶ ನಕ್ಕ. "ಇದನ್ನು ಕಲಿಸ್ಲಿಕ್ಕೆ ಕಂಪೆನಿಯವರು ನಮ್ಮನ್ನು ಇಡೀ ದಿನ ಕೂರಿಸಿದ್ದರು, ಅಜ್ಜ. ಊಟವೂ ಸರಿ ಇರ್ಲಿಲ್ಲ."

ಪೆಟ್ಟಿಗೆ ಮನೆಗೆ ಬಂತು. ಕಾಡಪ್ಪನ ಹೆಂಡತಿ ರುದ್ರವ್ವ ಅದಕ್ಕೆ ಕುಂಕುಮ ಹಚ್ಚಿದಳು. ರೇಡಿಯೋ, ಟೀವಿ, ಮಿಕ್ಸರ್ ಯಾವುದನ್ನೂ ಆಕೆ ಬರಿಮೈಯಲ್ಲಿ ಬಿಟ್ಟವಳಲ್ಲ. ಹಳೆ ಇಳಕಲ್ ಸೀರೆಯ ಪದರು ಪದರು ಸೇರಿಸಿ, ಕೌದಿ ಹೊಲಿದಂತೆ ಒಂದು ಗವಸಣಿಗೆ ಹೊಲಿದು ತೊಡಿಸಿದಳು. ಚಂದ ಕಂಡಿತು. ಸಪ್ನಾಗೂ ಚಂದವೇ ಕಂಡಿತು. ಎರಡು ದಿನ ಕೂತು ಹಾಡೆಲ್ಲ ಅದಕ್ಕೆ ಸಾಗಿಸಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದಳು. ಇನ್ನೊಂದು ಡಿಸ್ಕಿಗೆ ಸೋಮವಾರ ತುಂಬಿದರಾಯಿತು ಅಂದುಕೊಂಡಳು.

ಸೋಮವಾರ ಸಂಜೆ ಭಜನಾ ಮಂಡಳಿಯ ಉಳಿದ ಒಂಬತ್ತು ಮಂದಿ ಕೂಡಿದರು. ಇಂದಾಪುರದಿಂದ ಕಾಂತಪ್ಪನೂ ಬಂದ. ಸಪ್ನಾ ಗುಂಡಿ ಒತ್ತಿದಳು. ಹಾಡು ಬರಲಿಲ್ಲ. ಪೆಟ್ಟಿಗೆಯ ದೀಪವೂ ಇಲ್ಲ. ಅವಳು ವೈರು ಕಿತ್ತು ಮತ್ತೆ ಚುಚ್ಚಿದಳು.

"ಮಾವಾರ, ಎಲ್ಲಾ ಇದರಾಗ ಅದ. ಬ್ಯಾರೆ ಕಡೆ ಏನೂ ಇಲ್ಲ."

ಕಾಡಪ್ಪ ಎದ್ದು ಬಂದು ಗವಸಣಿಗೆಯ ಒಳಗೆ ಕೈಹಾಕಿ ಸಟಕ್ಕನೆ ತೆಗೆದ. ರೊಟ್ಟಿಯ ಹಂಚಿನಂತೆ ಕಾದಿತ್ತು.

"ಏ ಇಕಿ, ಬ್ಯಾಸಗ್ಯಾಗ ಕೌದಿ ಹೊಚ್ಚಿ ಮಲಗಿಸಿಯಲ್ಲ. ಉಸರ ಹೆಂಗ ಆಡಬೇಕದು?"

"ಧೂಳ ಬೀಳ್ತದಂತ ಹೊಚ್ಚಿದ್ನಿ," ಎಂದ ರುದ್ರವ್ವ ಬೀಸಣಿಗೆ ತಂದು ತಾನೇ ಗಾಳಿ ಹಾಕುತ್ತ ಕೂತಳು. ಅರ್ಧ ತಾಸಿನಲ್ಲಿ ಚಹಾ ಎರಡು ಸಲ ಬಂತು. ಆಮೇಲೆ ಸಪ್ನಾ ಮತ್ತೆ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು.

"ಮೊದಲ ಇನ್ನೊಂದಕ್ಕ ತುಂಬು," ಅಂದ ಕಾಡಪ್ಪ.

"ತುಂಬಕೋತನೂ ಹಾಡ್ತದ್ರಿ," ಅಂದಳು ಅವಳು, ಕಣ್ಣೊರಸಿಕೊಂಡು.

ಕಾಂತಪ್ಪನ ದನಿ ಬಂತು, ಇಪ್ಪತ್ತೈದು ವರ್ಷ ಹಿಂದಿನದು, ತುಂಬಿದ್ದು. ಒಂದು ನುಡಿ ಮುಗಿದದ್ದೇ ಒಂಬತ್ತೂ ಮಂದಿ ರೂಢಿಯಂತೆ ಹಿಂದಿನಿಂದ ದನಿ ಎತ್ತಿದರು. ಪೆಟ್ಟಿಗೆಯ ಒಳಗಿನವರೂ ಎತ್ತಿದರು, ಅವರಲ್ಲಿ ಎಷ್ಟೋ ಜನ ತೀರಿಹೋದವರು. ತಾಳ ಬೆಳ್ಳಿಯಂತೆ ಕೇಳಿತು. ಅಡುಗೆಮನೆಯ ಕಟ್ಟೆಯ ಮೇಲಿನ ಸಪ್ನಾಳ ಲ್ಯಾಪ್‌ಟಾಪಿನಲ್ಲಿ ರುದ್ರವ್ವ ತನಗೆ ಬೇಕಾದ ಪದವನ್ನೇ ಬೇರೆ ಹಚ್ಚಿಕೊಂಡಿದ್ದಳು.

ಕಾಂತಪ್ಪ ಕಾಡಪ್ಪನ ಕಿವಿಗೆ ಬಾಯಿ ತಂದ. "ಇಲ್ಲಿ ನಾ ಸುರ ತಪ್ಪೀನಿ ನೋಡು. ಅವತ್ತ ಯಾಕ ಹೇಳಲಿಲ್ಲ?"

"ಅವತ್ತ ನಿನ್ನ ದನಿ ಇತ್ತು. ಜಗಳಾಡ್ತಿದ್ದಿ."

ಮರುದಿನ ಸ್ವಾರಗೇಟ್ ನಿಲ್ದಾಣದಲ್ಲಿ ಕಾಂತಪ್ಪ ಇಂದಾಪುರದ ಎಸ್ಟಿ ಬಸ್ಸು ಹತ್ತಿದ. ರೊಟ್ಟಿಯ ಬುತ್ತಿ ಮೇಲಿಟ್ಟು, ಡಿಸ್ಕಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡ.

"ಅದನ್ನೂ ಮ್ಯಾಲ ಇಡೋ, ಕಾಲು ಹಿಡೀತಾವು," ಎಂದ ಕಾಡಪ್ಪ ಕಿಟಕಿಯ ಹೊರಗಿನಿಂದ.

ಕಾಂತಪ್ಪ ಸರಳಿನ ಹತ್ತಿರ ಬಾಗಿದ. "ಮಂಡಳಿ ಎಲ್ಲಾ ಇದರಾಗ ಕುಂತದ. ಮ್ಯಾಲ ಇಟ್ರ ಇಂದಾಪುರ ಮುಟ್ಟೂತನಾ ಬೈತಾರ."

ಬಸ್ಸು ಹೊರಟಿತು. ಚೀಲದ ಮೇಲೆ ಅವನ ಬೆರಳು ತಾಳ ಹಾಕುತ್ತಿತ್ತು.